ಟ್ರ್ಯಾಕಿಂಗ್ ‘ಡೆಲಿವರಿ ಆಗಿದೆ’ ಎನ್ನುತ್ತದೆ, ಗಿರಾಕಿ ‘ಮುಟ್ಟಿಲ್ಲ’ ಎನ್ನುತ್ತಾರೆ: ಮಾರಾಟಗಾರರು ಯಾರನ್ನು ಕೇಳಬೇಕು?

ಪ್ರಶ್ನೆ: ಸರ್, ಗುಳೇದಗುಡ್ಡದಲ್ಲಿ ನಮ್ಮದು ಖಣ ನೇಯುವ ಮನೆತನ. ಒಂದು ಆನ್‌ಲೈನ್ ಮಾರುಕಟ್ಟೆಯಲ್ಲಿ ಕುಪ್ಪಸದ ಖಣ, ಖಣದ ಸೀರೆ ಮಾರುತ್ತೇನೆ. ಊರಿನ ಏಜೆಂಟರೊಬ್ಬರು ಸಂಜೆ ಬಂದು ಪಾರ್ಸೆಲ್ ಒಯ್ದು ಸ್ಪೀಡ್ ಪೋಸ್ಟ್ ಬುಕ್ ಮಾಡುತ್ತಾರೆ, ನಂಬರನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತಾರೆ. ಕಳೆದ ತಿಂಗಳು ಮಹಾರಾಷ್ಟ್ರದ ಒಬ್ಬರಿಗೆ 2,850 ರೂಪಾಯಿಯ ಸೀರೆ ಕಳಿಸಿದೆ. ಸಂಜೆ 6:12ಕ್ಕೆ ಡೆಲಿವರಿ ಆಗಿದೆ ಎಂದು ಟ್ರ್ಯಾಕಿಂಗ್‌ನಲ್ಲಿ ಬಂತು. ಅವರು ಮಾತ್ರ “ಆ ಹೊತ್ತಿಗೆ ಮನೆಯಲ್ಲೇ ಇದ್ದೆ, ಯಾರೂ ಬರಲಿಲ್ಲ” ಎನ್ನುತ್ತಾರೆ. ಡೆಲಿವರಿ ಮಾಡಿದ ಕಚೇರಿಯ ಹೆಸರೂ ಅವರ ಬಡಾವಣೆಯದ್ದಲ್ಲ. ಮಾರುಕಟ್ಟೆಯವರು ಅವರಿಗೆ ಹಣ ವಾಪಸ್ ಕೊಟ್ಟು ನನ್ನ ಖಾತೆಯಿಂದ ಮುರಿದುಕೊಂಡರು. ಅದೇ ವಾರ ಇನ್ನೊಂದು ಪಾರ್ಸೆಲ್ ನಾಲ್ಕು ದಿನ ಟ್ರ್ಯಾಕಿಂಗ್‌ನಲ್ಲಿ ಕಾಣಲೇ ಇಲ್ಲ. ತಡವಾಯಿತೆಂದು ಆರ್ಡರ್ ರದ್ದಾಯಿತು, ಆಮೇಲೆ ಸೀರೆ ಗಿರಾಕಿಯ ಕೈ ಸೇರಿತು. ಈಗ ಸೀರೆಯೂ ಇಲ್ಲ, ದುಡ್ಡೂ ಇಲ್ಲ. ಪೋಸ್ಟ್‌ಮ್ಯಾನ್ ಸುಳ್ಳು ಬರೆದರೇ? ಅಂಚೆ ಇಲಾಖೆಯಿಂದ ಹಣ ಬರುತ್ತದೆಯೇ? ಖಾಸಗಿ ಕೊರಿಯರ್‌ಗೆ ಹೋಗಿಬಿಡಲೇ?

ಉತ್ತರ: ನಿಮ್ಮ ಪತ್ರದಲ್ಲಿರುವುದು ಒಂದು ತಕರಾರಲ್ಲ, ಎರಡು. ಮೊದಲನೆಯದರಲ್ಲಿ ಬಟವಾಡೆಯ ದಾಖಲೆ ಇದೆ, ಗಿರಾಕಿ ಅದನ್ನು ಒಪ್ಪುತ್ತಿಲ್ಲ. ಎರಡನೆಯದರಲ್ಲಿ ಪಾರ್ಸೆಲ್ ಸರಿಯಾಗಿಯೇ ಮುಟ್ಟಿದೆ, ದಾಖಲೆ ಹೊತ್ತಿಗೆ ಸರಿಯಾಗಿ ಹುಟ್ಟಲಿಲ್ಲ. ಅಂಚೆ ಬಟವಾಡೆಯ ಕೆಲಸದಲ್ಲಿದ್ದು, ಈಗ ಸಣ್ಣ ಮಾರಾಟಗಾರರ ದೂರುಗಳನ್ನು ಬರೆದುಕೊಡುವ ನನ್ನ ಹತ್ತಿರ ಬರುವವರು ಸಾಮಾನ್ಯವಾಗಿ ಇವೆರಡನ್ನೂ ಒಂದೇ ಗಂಟು ಕಟ್ಟಿ “ಪೋಸ್ಟಿನವರ ಬೇಜವಾಬ್ದಾರಿ” ಎಂದು ಬರೆದಿರುತ್ತಾರೆ. ಹಾಗೆ ಬರೆದ ದೂರು ಅಂಚೆಯಲ್ಲೂ ನಿಲ್ಲುವುದಿಲ್ಲ, ಮಾರುಕಟ್ಟೆಯವರ ಹತ್ತಿರವೂ ನಿಲ್ಲುವುದಿಲ್ಲ.

ಟ್ರ್ಯಾಕಿಂಗ್ ಪುಟದಲ್ಲಿ ಕಾಣುವುದು ಸ್ಕ್ಯಾನ್‌ಗಳ ಪಟ್ಟಿ, ಪಾರ್ಸೆಲ್ಲಿನ ಪ್ರಯಾಣವಲ್ಲ. ಕೌಂಟರ್‌ನಲ್ಲಿ ಬುಕ್ ಆದಾಗ ನಿಮ್ಮ ಪೊಟ್ಟಣದ ಬಾರ್‌ಕೋಡ್ ಒಮ್ಮೆ ಓದುತ್ತಾರೆ, ಚೀಲಕ್ಕೆ ಹಾಕುವಾಗ ಇನ್ನೊಮ್ಮೆ. ಚೀಲದ ಬಾಯಿ ಕಟ್ಟಿದ ಮೇಲೆ ಅದಕ್ಕೆ ಅದರದೇ ಲೇಬಲ್. ಮುಂದಿನ ನಿಲ್ದಾಣಗಳಲ್ಲಿ ಆ ಚೀಲ ಬಿಚ್ಚುವವರೆಗೂ ಸ್ಕ್ಯಾನ್ ಆಗುವುದು ಚೀಲದ ಲೇಬಲ್ ಒಂದೇ, ಒಳಗಿನ ಪೊಟ್ಟಣಗಳಲ್ಲ. ಹಾಗಾಗಿ ಪಟ್ಟಿಗೆ ಸೇರಿದ ಪೊಟ್ಟಣವೊಂದು ಚೀಲಕ್ಕೆ ಬೀಳದೆ ಮೇಜಿನ ಮೇಲೇ ಉಳಿದರೂ ಪುಟದಲ್ಲಿ ಅದು ಹುಬ್ಬಳ್ಳಿ ದಾಟಿ ಮುಂದೆ ಹೋಗುತ್ತಲೇ ಇರುತ್ತದೆ. ಚೀಲ ಬಿಚ್ಚಿದ ಕಚೇರಿಯಲ್ಲಿ ಎಣಿಕೆ ಹೊಂದದಾಗ ‘ಷಾರ್ಟ್’ ಎಂದು ಬರೆಯುತ್ತಾರೆ. ಉಲ್ಟಾ ಕೂಡ ಆಗುತ್ತದೆ: ಸ್ಕ್ಯಾನ್ ತಪ್ಪಿದ ಪೊಟ್ಟಣ ಚೀಲದಲ್ಲಿ ಆರಾಮವಾಗಿ ಹೋಗುತ್ತಿರುತ್ತದೆ, ಪುಟ ಮಾತ್ರ ಸುಮ್ಮನಿರುತ್ತದೆ. ಹೀಗೆ ಸುಮ್ಮನಾದ ಪುಟ ನೋಡಿ ‘ಕಳೆದುಹೋಯಿತು’ ಎಂದು ಗಿರಾಕಿಗೆ ಹಣ ಹಿಂದಿರುಗಿಸಿ, ಎರಡು ದಿನ ಬಿಟ್ಟು ಪಾರ್ಸೆಲ್ ಮುಟ್ಟಿದ ಸುದ್ದಿ ಕೇಳಿದವರು ಬೇಕಾದಷ್ಟು ಜನ ಇದ್ದಾರೆ.

ಕೊನೆಯ ಹಂತವೇ ಜಗಳದ ಮೂಲ. ಬೆಳಿಗ್ಗೆ ಪೋಸ್ಟ್‌ಮ್ಯಾನ್‌ಗೆ ಅವರ ಬೀಟಿನ ಪೊಟ್ಟಣಗಳನ್ನು ಒಪ್ಪಿಸುತ್ತಾರೆ, ಆಗ ‘ಡೆಲಿವರಿಗೆ ಹೊರಟಿದೆ’ ಎಂದು ಬರುತ್ತದೆ. ಸಂಜೆಯೊಳಗೆ ಪ್ರತಿ ಪೊಟ್ಟಣಕ್ಕೂ ಒಂದು ಷರಾ ಬೀಳಲೇಬೇಕು: ಕೊಟ್ಟಾಯಿತು, ಬಾಗಿಲು ಹಾಕಿತ್ತು, ವಿಳಾಸದಾರರು ಸಿಗಲಿಲ್ಲ, ನಿರಾಕರಿಸಿದರು, ಹೀಗೆ. ಮೊಬೈಲ್ ಆ್ಯಪ್ ಬಂದ ಮೇಲೆ ಮನೆ ಬಾಗಿಲಲ್ಲೇ ಷರಾ ಹಾಕಲು ಬರುತ್ತದೆ ನಿಜ. ಆದರೆ ನೆಟ್‌ವರ್ಕ್ ಇಲ್ಲದಾಗ, ಕೈಯಲ್ಲಿ ಹೊರೆ ಇದ್ದಾಗ, ಕಚೇರಿಗೆ ಮರಳಿ ಒಟ್ಟಿಗೆ ನಮೂದಿಸುವುದೂ ನಡೆಯುತ್ತದೆ. ಆದ್ದರಿಂದ ಸಂಜೆ 6:12 ಎನ್ನುವುದು ನಮೂದಿಸಿದ ಹೊತ್ತಾಗಿರುವ ಸಾಧ್ಯತೆ ಹೆಚ್ಚು. ಪೊಟ್ಟಣ ಮಧ್ಯಾಹ್ನ 12ಕ್ಕೇ ಯಾರದೋ ಕೈ ಸೇರಿರಬಹುದು. ನಿಮ್ಮ ಗಿರಾಕಿ ಆ ಹೊತ್ತಿಗೆ ಯಾರೂ ಬರಲಿಲ್ಲ ಎನ್ನುವುದೂ ನಿಜ, ಪೋಸ್ಟ್‌ಮ್ಯಾನ್ ಕೊಟ್ಟೆ ಎನ್ನುವುದೂ ನಿಜ ಇರಬಹುದು. ಇಬ್ಬರಲ್ಲಿ ಒಬ್ಬರು ಸುಳ್ಳುಗಾರರೇ ಆಗಿರಬೇಕೆಂದೇನಿಲ್ಲ.

ಹಾಗಾದರೆ ಯಾರ ಕೈ? ನಾನು ಮೊದಲು ಕೇಳುವ ಪ್ರಶ್ನೆ, ಗಿರಾಕಿ ಅಪಾರ್ಟ್‌ಮೆಂಟಿನಲ್ಲಿದ್ದಾರೆಯೇ ಎಂದು. ಸೆಕ್ಯುರಿಟಿ ಮೇಜು, ಕಂಪನಿಯ ಟಪಾಲು ವಿಭಾಗ, ಹಾಸ್ಟೆಲ್ ವಾರ್ಡನ್, ಕೆಳಮನೆಯ ಅಜ್ಜಿ, ಇವರಲ್ಲಿ ಯಾರೋ ಒಬ್ಬರು ಹತ್ತು ಪೊಟ್ಟಣಕ್ಕೆ ಒಂದೇ ಸಹಿ ಹಾಕಿ ಇಳಿಸಿಕೊಂಡಿರುತ್ತಾರೆ. ನಾನು ಬೆನ್ನುಹತ್ತಿ ಹೋದ ದೂರುಗಳಲ್ಲಿ ಪೊಟ್ಟಣ ಕೊನೆಗೆ ಸಿಕ್ಕಿದ್ದು ಹೆಚ್ಚಾಗಿ ಇಂಥ ಜಾಗಗಳಲ್ಲೇ. ಎರಡನೆಯ ಸಾಧ್ಯತೆ ತಪ್ಪು ಷರಾ. ಪಟ್ಟಿಯಲ್ಲಿ ‘ಬಾಗಿಲು ಹಾಕಿತ್ತು’ ಒತ್ತುವ ಬದಲು ಮೇಲಿನ ಸಾಲಿಗೆ ಬೆರಳು ಬಿದ್ದಿರುತ್ತದೆ, ಪೊಟ್ಟಣ ಇನ್ನೂ ಕಚೇರಿಯಲ್ಲೇ ಇರುತ್ತದೆ. ಇನ್ನು ಬೇಕೆಂದೇ ಹಾಕುವ ಸುಳ್ಳು ಷರಾ. ಅಂಥದ್ದು ನಡೆಯುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. ದಿನದ ಲೆಕ್ಕ ದಿನವೇ ಮುಗಿಯಬೇಕೆಂಬ ಒತ್ತಡದಲ್ಲಿ, ನಾಳೆ ಕೊಟ್ಟರಾಯಿತು ಎಂದು ಇವತ್ತೇ ‘ಕೊಟ್ಟಾಯಿತು’ ಎಂದು ಬರೆದುಬಿಡುವವರು ಎಲ್ಲ ಸೇವೆಗಳಲ್ಲೂ ಇದ್ದಾರೆ. ಅಂಥ ಪೊಟ್ಟಣ ಸಾಮಾನ್ಯವಾಗಿ ಮರುದಿನ ಅಥವಾ ಅದರ ಮರುದಿನ ಬಂದುಬಿಡುತ್ತದೆ. ನಿಮ್ಮದು ತಿಂಗಳಾದರೂ ಬಂದಿಲ್ಲವಾದ್ದರಿಂದ ನನ್ನ ಅನುಮಾನ ಮೊದಲ ಕಾರಣದ ಕಡೆಗೇ ಹೆಚ್ಚು ವಾಲುತ್ತದೆ.

ಕಚೇರಿಯ ಹೆಸರು ಬೇರೆ ಇದೆ ಎನ್ನುವುದನ್ನು ದೂರಿನಲ್ಲಿ ಮುಖ್ಯ ಆಧಾರವಾಗಿ ಹಾಕಬೇಡಿ. ದೊಡ್ಡ ನಗರಗಳಲ್ಲಿ ಪಾರ್ಸೆಲ್ ಬಟವಾಡೆಯನ್ನು ಹಲವು ಪಿನ್‌ಕೋಡ್‌ಗಳಿಗೆ ಒಂದೇ ನೋಡಲ್ ಡೆಲಿವರಿ ಸೆಂಟರ್‌ನಿಂದ ಮಾಡುವ ಪದ್ಧತಿ ಬಂದು ಕೆಲವು ವರ್ಷಗಳಾದವು. ಬಡಾವಣೆಯ ಪೋಸ್ಟ್ ಆಫೀಸಿನ ಹೆಸರೇ ಬರಬೇಕೆಂಬ ನಿಯಮವಿಲ್ಲ. ಆದರೆ ಒಂದು ಹೆಸರನ್ನು ಮಾತ್ರ ಕಣ್ಣಿಟ್ಟು ನೋಡಿ: ಕೊನೆಯ ಸಾಲಿನಲ್ಲಿರುವುದು ನಿಮ್ಮದೇ ಊರಿನ ಕಚೇರಿಯೇ? ವಿಳಾಸದಾರರು ಸಿಗದೆ ಹಿಂದಿರುಗಿದ ಪಾರ್ಸೆಲನ್ನು ಕಳಿಸಿದವರಿಗೆ ಒಪ್ಪಿಸಿದಾಗಲೂ ಪುಟದಲ್ಲಿ ಡೆಲಿವರಿ ಎಂದೇ ಬೀಳುತ್ತದೆ. ಯಾವ ಊರಿನಲ್ಲಿ, ಯಾರಿಗೆ ಎಂದು ನೋಡದೆ ಆ ಒಂದು ಪದವನ್ನಷ್ಟೇ ಓದಿಕೊಳ್ಳುವ ತಂತ್ರಾಂಶ ಅದನ್ನು ಗಿರಾಕಿಗೆ ಮುಟ್ಟಿತು ಎಂದು ತಿಳಿಯುತ್ತದೆ. ಮಾರಾಟಗಾರರ ಪರವಾಗಿ ಆಗುವ ತಪ್ಪು ಇದು, ಆದರೆ ಗಿರಾಕಿ ಪ್ರಶ್ನಿಸಿದ ದಿನ ನಿಮ್ಮ ಮೇಲೇ ತಿರುಗುತ್ತದೆ.

ಈಗ ಎರಡನೆಯ ಪಾರ್ಸೆಲ್. ಇಲ್ಲಿ ಅಂಚೆಗಿಂತ ಮೊದಲು ನಿಮ್ಮ ಮನೆಯ ವ್ಯವಸ್ಥೆಯನ್ನೇ ನೋಡಬೇಕು. ಏಜೆಂಟರ ಕೈಗೆ ಕೊಟ್ಟ ಹೊತ್ತು ಅಂಚೆಯ ಲೆಕ್ಕದಲ್ಲಿ ಏನೂ ಅಲ್ಲ. ಕೌಂಟರ್‌ನಲ್ಲಿ ಬುಕ್ ಆದ ಕ್ಷಣದಿಂದಲೇ ಪಾರ್ಸೆಲ್ ಹುಟ್ಟುವುದು. ಸ್ಟಿಕ್ಕರ್ ಹಚ್ಚಿ ನಂಬರ್ ಕಳಿಸಿ, ಬುಕಿಂಗ್ ಮಾತ್ರ ಎರಡು ದಿನ ಬಿಟ್ಟು ಮಾಡಿದರೆ ಪುಟದಲ್ಲಿ ಏನೂ ಕಾಣದು. ರಸೀದಿಯ ಮೇಲಿನ ದಿನಾಂಕ, ಸಮಯ ನೋಡಿದರೆ ಇದು ಒಂದೇ ನಿಮಿಷದಲ್ಲಿ ತಿಳಿಯುತ್ತದೆ. ನಿಮ್ಮ ಪತ್ರದಲ್ಲಿ ರಸೀದಿಯ ಮಾತೇ ಇಲ್ಲದಿರುವುದು ನನಗೆ ಸ್ವಲ್ಪ ಕಳವಳದ ವಿಷಯ.

ಇನ್ನೊಂದು ಕಾರಣ, ನಂಬರ್ ಬರೆಯುವಾಗಿನ ತಪ್ಪು. ಅಂಚೆಯ ನಂಬರಿಗೆ ವಿಶ್ವ ಅಂಚೆ ಒಕ್ಕೂಟದ ಎಸ್10 ಎಂಬ ಮಾದರಿ ಇದೆ: ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ದೇಶದ ಎರಡು ಅಕ್ಷರ. ಕರ್ನಾಟಕದಲ್ಲಿ ಬುಕ್ ಆದ ಸ್ಪೀಡ್ ಪೋಸ್ಟ್ ಸಾಮಾನ್ಯವಾಗಿ ಇಕೆ ಎಂದು ಶುರುವಾಗಿ ಐಎನ್ ಎಂದು ಮುಗಿಯುತ್ತದೆ. ಒಂಬತ್ತನೆಯ ಅಂಕಿ ಬರೀ ತಾಳೆ ನೋಡುವುದಕ್ಕೆ ಇರುವುದು. ಮೊದಲ ಎಂಟು ಅಂಕಿಗಳನ್ನು ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ ಕೂಡಿಸಬೇಕು, 11ರಿಂದ ಭಾಗಿಸಿದಾಗ ಉಳಿದ ಶೇಷವನ್ನು 11ರಲ್ಲಿ ಕಳೆಯಬೇಕು. 12345678 ಎಂದಿದ್ದರೆ ಮೊತ್ತ 204, ಶೇಷ 6, ಉತ್ತರ 5. ಹಾಗಾಗಿ ಇಕೆ 123456785 ಐಎನ್ ಎನ್ನುವುದು ಸರಿಯಾದ ರೂಪ. ಮೊದಲೆರಡು ಅಂಕಿ ಅದಲುಬದಲಾಗಿ 21345678 ಆದರೆ ಉತ್ತರ 3 ಬರುತ್ತದೆ, ತಪ್ಪು ಸಿಕ್ಕಿಬೀಳುತ್ತದೆ. (ಉತ್ತರ 10 ಬಂದರೆ 0, 11 ಬಂದರೆ 5 ಎಂದು ತೆಗೆದುಕೊಳ್ಳುತ್ತಾರೆ.) ಮಗನಿಗೋ ಮಗಳಿಗೋ ಹೇಳಿದರೆ ಎಕ್ಸೆಲ್ ಹಾಳೆಯಲ್ಲಿ ಇದನ್ನು ಹತ್ತು ನಿಮಿಷದಲ್ಲಿ ಕೂಡಿಸಿಕೊಡುತ್ತಾರೆ. ಮಾರುಕಟ್ಟೆಯ ಪೆಟ್ಟಿಗೆಯಲ್ಲಿ ಟೈಪ್ ಮಾಡುವಾಗ ಈ ತಾಳೆ ಎಲ್ಲ ಕಡೆಯೂ ನಡೆಯುತ್ತದೆ ಎಂದು ನಂಬಿ ಕೂರಬೇಡಿ.

ಈ ಲೆಕ್ಕಕ್ಕೂ ಸಿಗದ ತಪ್ಪೊಂದಿದೆ, ಸಣ್ಣ ಮಾರಾಟಗಾರರಲ್ಲಿ ನಾನು ಪದೇ ಪದೇ ಕಾಣುವುದು ಅದನ್ನೇ. ಒಂದೇ ದಿನ ಎಂಟು ಹತ್ತು ಪೊಟ್ಟಣ ಹೋಗುತ್ತವೆ, ಇಬ್ಬರು ಗಿರಾಕಿಗಳ ನಂಬರ್ ಪರಸ್ಪರ ಬದಲಾಗುತ್ತದೆ. ಎರಡೂ ಸರಿಯಾದ ನಂಬರ್‌ಗಳೇ. ಬೀದರಿನ ಗಿರಾಕಿಯ ಪುಟದಲ್ಲಿ ಮಂಗಳೂರಿನಲ್ಲಿ ಡೆಲಿವರಿ ಎಂದು ಬರುತ್ತದೆ, ಅವರು ಮೋಸ ಎಂದು ದೂರು ಕೊಡುತ್ತಾರೆ. ನಿಮ್ಮ ಮೊದಲ ಸೀರೆಯ ವಿಷಯದಲ್ಲೂ ಇದನ್ನೊಮ್ಮೆ ಪರೀಕ್ಷಿಸಿ. ಅದೇ ದಿನ ಮಹಾರಾಷ್ಟ್ರಕ್ಕೆ ಇನ್ಯಾರಿಗಾದರೂ ಕಳಿಸಿದ್ದಿರಾ? ರಸೀದಿಯಲ್ಲಿರುವ ಪಿನ್‌ಕೋಡ್ ಮತ್ತು ತೂಕ ಆರ್ಡರಿನ ಪಿನ್‌ಕೋಡ್ ಮತ್ತು ಸೀರೆಯ ತೂಕಕ್ಕೆ ಹೊಂದುತ್ತವೆಯೇ?

ತಂತ್ರಾಂಶ ಬದಲಾವಣೆಯ ಮಾತನ್ನೂ ಸೇರಿಸುತ್ತೇನೆ, ಏಕೆಂದರೆ ಏನೇ ಆದರೂ ಈಗ “ಹೊಸ ಸಾಫ್ಟ್‌ವೇರ್‌ದು ತಪ್ಪು” ಎಂಬ ಮಾತು ರೂಢಿಯಾಗಿದೆ. ಮೈಸೂರಿನ ಅಂಚೆ ತಂತ್ರಜ್ಞಾನ ಕೇಂದ್ರ ರೂಪಿಸಿದ ಎಪಿಟಿ ಎಂಬ ವ್ಯವಸ್ಥೆಯನ್ನು 2025ರಲ್ಲಿ ಮೊದಲು ನಮ್ಮ ಕರ್ನಾಟಕ ಅಂಚೆ ವೃತ್ತದಲ್ಲೇ ಪ್ರಯೋಗಿಸಿ, ಆಗಸ್ಟ್ ಹೊತ್ತಿಗೆ ದೇಶದ ತುಂಬ ತಂದರು. ಬದಲಾವಣೆಯ ವಾರಗಳಲ್ಲಿ ಕೌಂಟರ್‌ಗಳು ನಿಧಾನವಾದವು, ನಮೂದುಗಳು ತಡವಾದವು. ಆ ಕಾಲದ ತಕರಾರಿಗೆ ಅದು ಒಪ್ಪುವ ಕಾರಣ. ಕಳೆದ ತಿಂಗಳ ಪಾರ್ಸೆಲ್‌ಗೆ ಅಲ್ಲ.

ಹಣದ ವಿಷಯಕ್ಕೆ ಬರೋಣ. ಇಲ್ಲಿ ಮೂರು ನಂಬಿಕೆಗಳು ಓಡಾಡುತ್ತವೆ.

“ಪೋಸ್ಟಿಗೆ ಹಾಕಿದರೆ ಮುಟ್ಟಿದಂತೆಯೇ, ಕಾನೂನೇ ಹೇಳುತ್ತದೆ” ಎನ್ನುವುದು ಒಂದು. 1897ರ ಸಾಮಾನ್ಯ ಖಂಡಗಳ ಅಧಿನಿಯಮದ 27ನೇ ಕಲಮಿನಲ್ಲಿ ಅಂಥ ಮಾತಿದೆ, ಆದರೆ ಅದು ಕಾನೂನಿನಡಿ ಜಾರಿ ಮಾಡುವ ನೋಟಿಸು, ಕಾಗದಪತ್ರಗಳಿಗೆ. ನಿಮ್ಮ ಸೀರೆಗೆ ಹತ್ತಿರದ ಕಾನೂನು 1930ರ ಸರಕು ಮಾರಾಟ ಅಧಿನಿಯಮ. ಅದರ 39ನೇ ಕಲಮಿನ ಪ್ರಕಾರ ಸಾಗಣೆದಾರನಿಗೆ ಒಪ್ಪಿಸಿದರೆ ಮೇಲ್ನೋಟಕ್ಕೆ ಕೊಳ್ಳುವವನಿಗೆ ಒಪ್ಪಿಸಿದಂತೆ. ಕೇಳಲು ಹಿತವಾಗಿದೆ. ಆದರೆ ಮಾರುಕಟ್ಟೆಗೆ ಸೇರುವಾಗ ನೀವು ಒಪ್ಪಿದ ಷರತ್ತುಗಳಲ್ಲಿ, ಗಿರಾಕಿಗೆ ಮುಟ್ಟಿಸುವ ಹೊಣೆ ನಿಮ್ಮದೇ ಎಂದು ಬರೆದಿರುತ್ತದೆ. ತಕರಾರು ತೀರ್ಮಾನವಾಗುವುದು ಆ ಷರತ್ತಿನ ಮೇಲೆ. ಜೊತೆಗೆ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಹೇಳಿದ ಅವಧಿ ಮೀರಿ ಮುಟ್ಟಿದ ಸರಕನ್ನು ಗಿರಾಕಿ ಹಿಂದಿರುಗಿಸಿದರೆ ಮಾರಾಟಗಾರ ನಿರಾಕರಿಸುವಂತಿಲ್ಲ, ಕೈಮೀರಿದ ವಿಪತ್ತಿನ ಕಾರಣ ಇದ್ದರೆ ಮಾತ್ರ ವಿನಾಯಿತಿ. ಹಾಗಾಗಿ ನಿಮ್ಮ ಎರಡನೆಯ ಆರ್ಡರ್ ರದ್ದಾದದ್ದು ನಿಮಗೆ ಅನ್ಯಾಯವೆನಿಸಿದರೂ ನಿಯಮಬಾಹಿರವಲ್ಲ.

“ಟ್ರ್ಯಾಕಿಂಗ್‌ನಲ್ಲಿ ಡೆಲಿವರಿ ಎಂದಿದ್ದರೆ ಮಾರಾಟಗಾರ ಗೆದ್ದಂತೆ” ಎನ್ನುವುದು ಇನ್ನೊಂದು. ಅದು ನಿಮ್ಮ ಪರವಾದ ಮೊದಲ ಸಾಕ್ಷ್ಯ, ಕೊನೆಯದಲ್ಲ. ಬೆಲೆ ಏರಿದಂತೆ ಸಾಕ್ಷ್ಯವೂ ಗಟ್ಟಿಯಾಗಬೇಕು. ಇಬೇ ತಾಣದಲ್ಲಿ 750 ಡಾಲರ್ ಮುಟ್ಟಿದ ಆರ್ಡರಿಗೆ ಡೆಲಿವರಿ ಷರಾ ಸಾಲದು, ಸಹಿಯ ದೃಢೀಕರಣವೂ ಬೇಕು. ನಿಮ್ಮ ಮಾರುಕಟ್ಟೆಯ ಷರತ್ತಿನಲ್ಲಿ ಯಾವ ಮೊತ್ತದಿಂದ ಮೇಲೆ ಏನು ಕೇಳುತ್ತಾರೆ ಎಂದು ಒಮ್ಮೆ ಕೂತು ಓದಿ.

ಮೂರನೆಯದು ಅಂಚೆ ಇಲಾಖೆ ಸೀರೆಯ ಬೆಲೆ ಕಟ್ಟಿಕೊಡುತ್ತದೆ ಎಂಬ ಆಸೆ. 2024ರ ಜೂನ್ 18ರಿಂದ ಜಾರಿಯಲ್ಲಿರುವ 2023ರ ಅಂಚೆ ಕಚೇರಿ ಅಧಿನಿಯಮ, 1898ರ ಹಳೆಯ ಕಾಯ್ದೆಯಂತೆಯೇ, ಇಲಾಖೆ ತಾನಾಗಿ ನಿಗದಿಪಡಿಸಿಕೊಂಡ ಹೊಣೆಯ ಹೊರತು ಬೇರೆ ಹೊಣೆಯಿಲ್ಲ ಎನ್ನುತ್ತದೆ. ನೌಕರನ ಮೇಲೆ ಹೊಣೆ ಬರಬೇಕಾದರೆ ವಂಚನೆ ಅಥವಾ ಬೇಕೆಂದೇ ಮಾಡಿದ ಕೃತ್ಯ ಇರಬೇಕು. ಸ್ಪೀಡ್ ಪೋಸ್ಟ್ ಕಳೆದರೆ ಇದ್ದುಬಂದ ಪರಿಹಾರ, ಕಟ್ಟಿದ ಶುಲ್ಕದ ಎರಡು ಪಟ್ಟು ಅಥವಾ 1,000 ರೂಪಾಯಿ, ಇವೆರಡರಲ್ಲಿ ಕಡಿಮೆಯದು. ನೀವು 90 ರೂಪಾಯಿ ಕಟ್ಟಿದ್ದರೆ ಬರುವುದು 180. ಅದೂ ಕಳೆದದ್ದು ಸಾಬೀತಾದ ಮೇಲೆ. ನಿಮ್ಮ ಪ್ರಕರಣದಲ್ಲಿ ದಾಖಲೆ ‘ಕೊಟ್ಟಾಯಿತು’ ಎನ್ನುತ್ತಿದೆ. ವಿಮೆ ಮಾಡಿಸಿದ್ದರೆ ಮಾತು ಬೇರೆ. ಗ್ರಾಹಕ ಆಯೋಗಕ್ಕೆ ಹೋಗುವೆನೆಂದರೆ, ನಿಮ್ಮದು ವ್ಯಾಪಾರದ ಉದ್ದೇಶದ ಸೇವೆ ಎಂಬ ಆಕ್ಷೇಪ ಮೊದಲ ದಿನವೇ ಎದುರಾಗುತ್ತದೆ. 2,850 ರೂಪಾಯಿಗೆ ಆ ದಾರಿಯನ್ನು ನಾನು ಸೂಚಿಸುವುದಿಲ್ಲ.

ನಾನು ನಿಮ್ಮ ಜಾಗದಲ್ಲಿದ್ದರೆ ಈ ವಾರ ಮಾಡುವುದು ಇಷ್ಟು. ಅಂಚೆಯ ಜಾಲತಾಣದಲ್ಲೋ 1800 266 6868 ಸಂಖ್ಯೆಗೆ ಕರೆ ಮಾಡಿಯೋ ದೂರು ದಾಖಲಿಸಿ, ದೂರಿನ ಸಂಖ್ಯೆ ಪಡೆಯುವುದು. ದೂರಿನಲ್ಲಿ ಬೈಗುಳ ಬೇಡ, ಒಂದೇ ಬೇಡಿಕೆ ಸಾಕು: ಬಟವಾಡೆಯ ಪುರಾವೆಯ ಪ್ರತಿ, ಅಂದರೆ ಯಾರು ಸಹಿ ಮಾಡಿ ತೆಗೆದುಕೊಂಡರು ಎಂಬ ದಾಖಲೆ. ಅದೇ ಬೇಡಿಕೆಯನ್ನು ಬಟವಾಡೆ ಮಾಡಿದ ಕಚೇರಿಯ ಪೋಸ್ಟ್‌ಮಾಸ್ಟರರಿಗೂ ರಸೀದಿಯ ನಕಲಿನೊಂದಿಗೆ ಬರೆಯಿರಿ. ಸಹಿ ಸೆಕ್ಯುರಿಟಿಯವರದ್ದಾಗಿದ್ದರೆ ಗಿರಾಕಿಗೇ ತೋರಿಸಬಹುದು, ಸೀರೆ ಅಲ್ಲಿಯೇ ಕಪಾಟಿನಲ್ಲಿ ಇದ್ದರೂ ಇರಬಹುದು. ಸಹಿಯೇ ಇಲ್ಲದಿದ್ದರೆ, ಅದು ನಿಮಗೆ ಅಂಚೆಯ ವಿರುದ್ಧ ಬಲ ಕೊಡುತ್ತದೆ, ಮಾರುಕಟ್ಟೆಯ ವಿರುದ್ಧ ಅಲ್ಲ. ಇದನ್ನು ತಿಳಿದೇ ಕೈಹಾಕಿ. ಉತ್ತರ ಬಾರದಿದ್ದರೆ ಕೇಂದ್ರ ಸರ್ಕಾರದ ದೂರು ಜಾಲತಾಣವಾದ ಸಿಪಿಗ್ರಾಮ್ಸ್‌ನಲ್ಲಿ ದೂರು ಹಾಕಬಹುದು, ಇಲ್ಲವೇ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಕೊಡಬಹುದು. ಅರ್ಜಿಗೆ 30 ದಿನದ ಗಡುವಿದೆ, ಮಾರುಕಟ್ಟೆಯ ಮೇಲ್ಮನವಿ ಕಿಟಕಿ ಅಷ್ಟು ದಿನ ತೆರೆದಿರುವುದಿಲ್ಲ. ಆದ್ದರಿಂದ ಪುರಾವೆ ಬರುವವರೆಗೆ ಕಾಯದೆ, ರಸೀದಿ ಮತ್ತು ದೂರಿನ ಸಂಖ್ಯೆ ಲಗತ್ತಿಸಿ ಮೇಲ್ಮನವಿ ಮೊದಲು ಸಲ್ಲಿಸಿ. ಪುರಾವೆಯನ್ನು ಆಮೇಲೆ ಸೇರಿಸಬಹುದು.

ಮುಂದಿನ ಸಲ ಇಂಥದ್ದಾದರೆ ಎಲ್ಲಕ್ಕಿಂತ ಬೇಗ ಕೆಲಸ ಮಾಡುವುದು ಗಿರಾಕಿಯೇ ಆ ನಂಬರ್ ಹಿಡಿದು ತಮ್ಮ ಡೆಲಿವರಿ ಕಚೇರಿಗೆ ಹೋಗುವುದು. ಮರುದಿನ ಕೇಳಿದರೆ ಪೋಸ್ಟ್‌ಮ್ಯಾನ್‌ಗೆ ಆ ಗೇಟು, ಆ ಮುಖ ನೆನಪಿರುತ್ತದೆ. ಎರಡು ವಾರ ಬಿಟ್ಟು ಕೇಳಿದರೆ ರಿಜಿಸ್ಟರು ನೋಡಿ ಹೇಳುತ್ತಾರೆ, ಅಷ್ಟೇ.

2025ರ ಸೆಪ್ಟೆಂಬರ್ 1ರಿಂದ ದೇಶದೊಳಗಿನ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾಯಿತು. ಅಕ್ಟೋಬರ್‌ನಿಂದ ಸ್ಪೀಡ್ ಪೋಸ್ಟ್‌ಗೆ ಎರಡು ಹೆಚ್ಚುವರಿ ಸೌಲಭ್ಯಗಳಿವೆ, ತಲಾ 5 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ನೋಂದಣಿ ಎಂದರೆ ವಿಳಾಸದಾರರಿಗೆ ಅಥವಾ ಅವರು ಒಪ್ಪಿದವರಿಗೆ ಮಾತ್ರ ಕೊಡಬೇಕು. ಒಟಿಪಿ ಡೆಲಿವರಿ ಎಂದರೆ ಗಿರಾಕಿಯ ಮೊಬೈಲಿಗೆ ಬಂದ ಸಂಖ್ಯೆ ಹೇಳಿದ ಮೇಲೆಯೇ ಪೊಟ್ಟಣ. ಸಾವಿರ ರೂಪಾಯಿ ಮೀರಿದ ಸೀರೆಗಳಿಗೆ ಒಟಿಪಿ ಹಾಕಿಸಿ ಎಂದೇ ನನ್ನ ಸಲಹೆ. ಆದರೆ ಉಡುಗೊರೆಗೆ ತರಿಸಿದ್ದಾದರೆ, ವಯಸ್ಸಾದವರ ಮನೆಯಾದರೆ, ಹಗಲಿಡೀ ಕೆಲಸಕ್ಕೆ ಹೋಗುವವರಾದರೆ ಒಟಿಪಿ ಸಿಗದೆ ಪಾರ್ಸೆಲ್ ಹಿಂದಿರುಗುವ ಅಪಾಯವಿದೆ. ಆಗ ಸಾಗಣೆ ಖರ್ಚು ಮೈಮೇಲೆ. ಮೊದಲೇ ಒಂದು ಮೆಸೇಜ್ ಹಾಕಿ ಕೇಳಿಕೊಳ್ಳಿ. ಇಳಕಲ್ ರೇಷ್ಮೆಯಂಥ ದುಬಾರಿ ಸೀರೆ ಕಳಿಸುವಾಗ ವಿಮೆ ಮಾಡಿಸಿ. ಶಾಖಾ ಅಂಚೆ ಕಚೇರಿಯಲ್ಲಿ ವಿಮೆಯ ಮಿತಿ ತೀರಾ ಕಡಿಮೆ, ಅದಕ್ಕೆ ದೊಡ್ಡ ಕಚೇರಿಗೇ ಹೋಗಬೇಕು.

ಏಜೆಂಟರನ್ನು ಬಿಡಬೇಕೆಂದು ಹೇಳುವುದಿಲ್ಲ, ಮನೆಯಲ್ಲಿ ಮಗ್ಗ ಬಿಟ್ಟು ದಿನಾ ಕೌಂಟರ್‌ಗೆ ಹೋಗಲು ಆಗದು. ಆದರೆ ನಂಬರನ್ನು ಟೈಪ್ ಮಾಡಿ ಕಳಿಸುವ ಬದಲು ರಸೀದಿಯ ಫೋಟೊ ಕಳಿಸಲು ಹೇಳಿ. ಪೊಟ್ಟಣ ಕೊಡುವ ಮುಂಚೆ ವಿಳಾಸ, ಬಾರ್‌ಕೋಡ್ ಎರಡೂ ಕಾಣುವಂತೆ ನೀವೂ ಒಂದು ಫೋಟೊ ತೆಗೆದಿಡಿ. ಮಾರುಕಟ್ಟೆಯ ಸೆಟ್ಟಿಂಗ್‌ನಲ್ಲಿ ರವಾನೆಯ ಅವಧಿಯನ್ನು ಒಂದು ದಿನ ಹೆಚ್ಚಿಸಿ. ಆರ್ಡರ್ ಸ್ವಲ್ಪ ಕಡಿಮೆಯಾಗಬಹುದು, ರದ್ದಾಗುವುದು ಇನ್ನೂ ಕಡಿಮೆಯಾಗುತ್ತದೆ.

ಖಾಸಗಿ ಕೊರಿಯರ್ ಬಗ್ಗೆ ಕೇಳಿದಿರಿ. ಸ್ಕ್ಯಾನ್ ತಪ್ಪು, ಗೇಟಿನಲ್ಲಿ ಇಟ್ಟುಹೋಗುವುದು, ಬಾರದೆಯೇ “ಗ್ರಾಹಕರು ಸಿಗಲಿಲ್ಲ” ಎಂದು ಬರೆಯುವುದು ಅಲ್ಲಿಯೂ ಇದೆ. ನಗರದ ಗಿರಾಕಿಗಳಿಗೆ ಅವರ ಪುಟ ಬೇಗ ಅಪ್‌ಡೇಟ್ ಆಗಬಹುದು. ಆದರೆ ಹಳ್ಳಿಯ ಪಿನ್‌ಕೋಡ್ ಬಂದಾಗ ದೇಶದ 1 ಲಕ್ಷ 64 ಸಾವಿರಕ್ಕೂ ಹೆಚ್ಚು ಅಂಚೆ ಕಚೇರಿಗಳಿಗೆ ಸಮನಾದ ಜಾಲ ಯಾರಲ್ಲೂ ಇಲ್ಲ. ನಿಜವಾದ ಬದಲಾವಣೆ ಬೇಕೆಂದರೆ ಮಾರುಕಟ್ಟೆಯವರದೇ ಪಿಕಪ್ ಸೇವೆಗೆ ಸೇರಿ. ಶುಲ್ಕ ಹೆಚ್ಚು ಮುರಿಯುತ್ತಾರೆ, ತೂಕದ ಬಗ್ಗೆ ಹೊಸ ಜಗಳಗಳು ಹುಟ್ಟುತ್ತವೆ. ಆದರೆ ದಾರಿಯಲ್ಲಿ ಕಳೆದದ್ದಕ್ಕೆ ಅವರೇ ಉತ್ತರ ಹೇಳಬೇಕಾಗುತ್ತದೆ. 300 ರೂಪಾಯಿಯ ಖಣಕ್ಕೆ ಅದು ಗಿಟ್ಟದು, ಸೀರೆಗೆ ಲೆಕ್ಕ ಹಾಕಿ ನೋಡಿ.

ಎರಡನೆಯ ಗಿರಾಕಿಗೆ ನೀವಿನ್ನೂ ಬರೆದಿಲ್ಲವೆಂದು ತೋರುತ್ತದೆ. ಅವರ ಆರ್ಡರ್ ರದ್ದಾದ ಮೇಲೆ ಸೀರೆ ಮುಟ್ಟಿದೆ, ಟ್ರ್ಯಾಕಿಂಗ್‌ನಲ್ಲಿ ಅದು ದಾಖಲಾಗಿದೆ, ಹಣ ಅವರಿಗೆ ವಾಪಸ್ ಹೋಗಿದೆ. ಇದನ್ನು ಮಾರುಕಟ್ಟೆಯ ಮೆಸೇಜ್ ಪೆಟ್ಟಿಗೆಯಲ್ಲೇ, ಹೊರಗೆ ಬೇಡ, ನಾಲ್ಕು ಸಾಲಿನಲ್ಲಿ ಮರ್ಯಾದೆಯಿಂದ ಬರೆಯಿರಿ. “ಸೀರೆ ಇಟ್ಟುಕೊಳ್ಳುವುದಾದರೆ ದಯವಿಟ್ಟು ಮತ್ತೆ ಆರ್ಡರ್ ಹಾಕಿ, ಬೇಡವಾದರೆ ವಾಪಸ್ ಕಳಿಸುವ ಖರ್ಚು ನಾನು ಕೊಡುತ್ತೇನೆ” ಎನ್ನಿ. ಹೀಗೆ ಬರೆದು ಹಣ ಪಡೆದ ಮಾರಾಟಗಾರರನ್ನು ನಾನು ಸಾಕಷ್ಟು ಕಂಡಿದ್ದೇನೆ. ಅವರು ಒಪ್ಪದಿದ್ದರೆ, ಮಾರುಕಟ್ಟೆಯ ಮೇಲ್ಮನವಿಗೆ ಅದೇ ಮೆಸೇಜ್ ನಿಮ್ಮ ಲಗತ್ತಾಗುತ್ತದೆ.